ಕೈಗೆ ಸಿಕ್ಕ ಕೋಳಿ

ಕೆಂಪಯ್ಯನ ಭಾನುವಾರ ಕೆಟ್ಟಿದ್ದು ಒಂದು ಫೋನ್ ಕರೆಯಿಂದ. ಬೆಳಿಗ್ಗೆ ಎಂಟಕ್ಕೇ ತಿಪ್ಪಸಂದ್ರದಿಂದ ಅವನ ಭಾಮೈದ ಬಾಲರಾಜು ಫೋನ್ ಮಾಡಿ, "ಮಧ್ಯಾನ ಊಟಕ್ಕೆ ಬತ್ತಾ ಇವ್ನಿ ಭಾವ. ನಾಟಿ ಕೋಳಿ ಸಾರು, ಮುದ್ದೆ. ಬೇರೆ ಏನೂ ಬ್ಯಾಡ" ಎಂದು ಇಟ್ಟುಬಿಟ್ಟ.

ಬಾಲರಾಜು ಅಕ್ಕೂರಿನ ಈ ಮನೆಯ ಹೊಸಿಲು ತುಳಿದು ಆರು ವರ್ಷವಾಗಿತ್ತು. ಕಳೆದ ಸಲ ಬಂದಾಗ ಕೆಂಪಯ್ಯ ಅಂಗಡಿಯ ಫಾರಂ ಕೋಳಿ ತಂದು ನಾಟಿ ಎಂದು ಬಡಿಸಿದ್ದ. ಕಚ್ಚಿದ ಮೂಳೆ ಪುಸಕ್ಕನೆ ಮುರಿದದ್ದೇ ತಡ, ಫಾರಂದೆಂದು ಗೊತ್ತಾಗಿ ಬಾಲರಾಜು ಎದ್ದು ಕೈ ತೊಳೆದು ಹೋದವನು ಹೋದ. ಅಂದಿನಿಂದ ಕೆಂಪಯ್ಯನ ಹೆಂಡತಿ ಸರಸಮ್ಮನಿಗೆ ತವರು ಬಂದ್. ಈಗ ತಮ್ಮ ತಾನಾಗಿಯೇ ಬರುತ್ತಿದ್ದಾನೆ.

"ಇವತ್ತೇನಾರ ನನ್ ತಮ್ಮ ಅರ್ಧ ಊಟದಲ್ಲಿ ಎದ್ದೋದ್ರೆ, ಅವನ ಗಾಡಿ ಹಿಂದೆ ನಾನೂ ಕೂತ್ಕಂಡು ಹೊಂಟೋಯ್ತೀನಿ" ಎಂದಳು ಸರಸಮ್ಮ, ಈರುಳ್ಳಿ ಸುಲಿಯುತ್ತಾ. ಅವಳು ತಮಾಷೆ ಮಾಡುವ ಹೆಂಗಸಲ್ಲ.

ಕೆಂಪಯ್ಯನಿಗೆ ಆಗಲೇ ಬೆವರು. ಅಂದು ಅವನು ಅಂಗಡಿಗೆ ಓಡಿದ್ದೇ ಹಿತ್ತಲ ಕೋಳಿ ಕೈಗೆ ಸಿಗದೆ. ಈ ಆರು ವರ್ಷದಲ್ಲಿ ಅವು ಇನ್ನಷ್ಟು ಚುರುಕಾಗಿದ್ದವು. ಕೋಳಿ ಕವುಚುವ ಬಿದಿರಿನ ಮಂಕರಿ ಎತ್ತಿ ನೋಡಿದರೆ ಕೆಳಗೆ ಒಂದು ಪುಕ್ಕವೂ ಇಲ್ಲ. ಹನ್ನೆರಡು ಕೋಳಿಯೂ ಹುಣಸೆ ಮರದ ಮೇಲೆ. ರಾಗಿ ಎರಚಿದ, ಇಳಿದು ಬಂದವು. ಒಂದು ಕಣ್ಣು ರಾಗಿಯ ಮೇಲೆ, ಇನ್ನೊಂದು ಅವನ ಮೇಲೆ. ಇವನು ಮೊಣಕಾಲು ಬಗ್ಗಿಸುವಷ್ಟರಲ್ಲಿ ಅಷ್ಟೂ ಹೆಂಚಿನ ಮೇಲಿದ್ದವು.

ಮಗಳು ಅನುಷಾ ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇವನ್ನ ಹಿಂಗೆ ಮಾಡಿರೋನೇ ನೀನು ಕಣಪ್ಪ."

"ನಾನೇನವ್ವ ಮಾಡ್ದೆ?"

"ಒಂದೇ ಕಾವಿನ ಮರಿಗಳೂ ಒಂದೇ ತರ ಇರಲ್ಲ. ಹುಟ್ತಲೇ ಒಂದು ಮಂಕು, ಒಂದು ಚುರುಕು. ಇಪ್ಪತ್ತು ವರ್ಷದಿಂದ ನೀನು ಹಿಡ್ದಿದ್ದು ಯಾವುದನ್ನ? ಮಂಕರಿ ಕೆಳಗೆ ಮಲಗೋವು, ಕಾಲಡಿ ಸುತ್ತೋವು. ಅವೆಲ್ಲ ಸಾರಾದ್ವು. ಮೊಟ್ಟೆ ಇಟ್ಟು ಮರಿ ಮಾಡಿದ್ದು ಮರ ಹತ್ತಿದವೇ. ಆ ಗುಣ ಮರಿಗೆ ಬಂತು, ಮರಿಯ ಮರಿಗೂ ಬಂತು."

"ಅಂದ್ರೆ ನನ್ನ ಕಂಡ್ರೆ ಓಡೋದ ಕಲ್ತವೆ ಅನ್ನು."

"ಕಲ್ತಿಲ್ಲಪ್ಪ. ಓಡದೇ ಇರೋ ವಂಶವೆಲ್ಲ ನಮ್ಮ ಹೊಟ್ಟೆ ಸೇರ್ಕಂತು. ನಾವು ಪಾಠದಲ್ಲಿ ಇದನ್ನ ನಿಸರ್ಗದ ಆಯ್ಕೆ ಅಂತೀವಿ."

"ನಿಸರ್ಗ ಎಲ್ಲೈತೆ ಇದ್ರಲ್ಲಿ? ಆಯ್ಕೆ ಮಾಡ್ದೋನು ನಾನು."

"ಕೋಳಿಗೆ ನೀನೂ ನಿಸರ್ಗವೇ, ನರಿ ಇದ್ದಂಗೆ" ಎಂದು ಅನುಷಾ ತೆಂಗಿನಕಾಯಿ ತರಲು ಹೊರಟಳು.

ಗದ್ದಲ ಕೇಳಿ ಪಕ್ಕದ ಮನೆಯ ಹುಚ್ಚಯ್ಯ ಗೋಡೆಯಾಚೆಯಿಂದ ಮುಖ ತೂರಿಸಿದ. ಊರಿನ ಯಾವ ಕೆಲಸವನ್ನೂ ಅವನು ಮಾಡುವುದಿಲ್ಲ, ಎಲ್ಲವನ್ನೂ ಮಾಡಿಸುತ್ತಾನೆ.

"ಓಡಿದ್ರೆ ಕೋಳಿ ಸಿಕ್ತದೇನ್ಲಾ? ಬುದ್ಧಿ ಓಡಿಸ್ಬೇಕು. ಚಂದ್ರಿಕೆ ತತ್ತಾ."

ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಆಳೆತ್ತರದ ಬಿದಿರಿನ ತಟ್ಟೆ ಅದು. ಗೋಡೆಗೆ ಅಡ್ಡ ಹಿಡಿದು ನಿಲ್ಲು, ಕೋಳಿಯನ್ನು ನಾನು ಅಟ್ಟುತ್ತೇನೆ ಎಂದು ಹುಚ್ಚಯ್ಯ ಈಚೆ ಇಳಿದ. ಕೆಂಪಯ್ಯ ಹಿಡಿದು ನಿಂತ. ಮತ್ತೆ ರಾಗಿಗೆ ಇಳಿದಿದ್ದವನ್ನು ಹುಚ್ಚಯ್ಯ ಅಟ್ಟಿದ. ಹುಂಜ ನೇರ ಕೆಂಪಯ್ಯನ ಮುಖಕ್ಕೇ ಹಾರಿತು. ಕೆಂಪಯ್ಯ ಚಂದ್ರಿಕೆ ಸಮೇತ ಗೋಡೆಯಾಚೆ ಹುಚ್ಚಯ್ಯನ ಅಂಗಳಕ್ಕೆ ಬಿದ್ದ. ಅಲ್ಲಿ ಕವುಚಿಟ್ಟಿದ್ದ ಕುಕ್ಕೆಯೊಂದು ಅವನಡಿ ಸಿಕ್ಕಿ ಪಕ್ಕಕ್ಕೆ ಉರುಳಿತು. ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು.

"ರಾಮನಗರ ದಾಟ್ದೆ ಭಾವ. ಒಸಿ ಕೆಲಸ ಮುಗಿಸ್ಕಂಡು ಬಂದ್ಬುಡ್ತೀನಿ."

ಹುಚ್ಚಯ್ಯ ಕೋಳಿಗಳೆಲ್ಲ ಮತ್ತೆ ಸೇರಿದ್ದ ಮರ ನೋಡಿ, "ಇದಕ್ಕೆ ಏಣಿನೇ ಸೈ" ಎಂದು ಏಣಿ ತರಲು ಬೀದಿಗೆ ಹೋದ.

ಕೆಂಪಯ್ಯ ಗೋಡೆ ಕುಸಿದ ಕಡೆಯಿಂದ ಕುಂಟುತ್ತಾ ಈಚೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಸರಸಮ್ಮ ಇಲ್ಲದ ಮನೆ ಕಣ್ಣಿಗೆ ಕಟ್ಟಿ ನಿಜವಾಗಿಯೂ ದುಃಖ ಬಂತು. ತಲೆ ಎತ್ತಿದರೆ, ಹಿಪ್ಪುನೇರಳೆ ಸೊಪ್ಪಿನ ರಾಶಿಯ ಪಕ್ಕ ಒಂದು ಕೆಂಪು ಕೋಳಿ ಸುಮ್ಮನೆ ನಿಂತಿತ್ತು. ಕೈ ಚಾಚಿದ. ಅದು ಓಡಲಿಲ್ಲ. ಎತ್ತಿಕೊಂಡ. ಬೆಚ್ಚಗೆ, ಭಾರವಾಗಿ ಮಡಿಲಲ್ಲಿ ಕೂತಿತು. ಹನ್ನೆರಡರಲ್ಲಿ ಇದು ಯಾವುದು ಎಂದು ಅವನಿಗೆ ಗುರುತು ಸಿಗಲಿಲ್ಲ. ಎಷ್ಟೋ ತಿಂಗಳಿಂದ ಅವನು ತನ್ನ ಕೋಳಿಗಳನ್ನು ನೋಡಿದ್ದು ಮರದ ಕೆಳಗಿನಿಂದ ಮಾತ್ರ.

ಕೋಳಿ ಬೇಗ ಬೆಂದಿತು. "ಎಳೇದು" ಎಂದು ಸರಸಮ್ಮ ಸಮಾಧಾನಪಟ್ಟಳು.

ಒಂದೂವರೆಗೆ ಬಾಲರಾಜು ಬಂದು, ಅಕ್ಕನ ಕೈ ಹಿಡಿದು ಕಣ್ಣು ತುಂಬಿಕೊಂಡು, ಊಟಕ್ಕೆ ಕೂತ. ಸಾರಿನ ಪರಿಮಳಕ್ಕೆ ಅವನ ಮುಖ ಅರಳಿತು. ಭಾವನ ಹಣೆಯ ತರಚು ಗಾಯ ನೋಡಿ ಏನಾಯಿತೆಂದು ಕೇಳಿದ. ಕೆಂಪಯ್ಯ ಹುಂಜದ ಕತೆ ಹೇಳಿದ, ಅನುಷಾ ಮಾವನಿಗೂ ಪಾಠ ಒಪ್ಪಿಸಿದಳು. ಬಾಲರಾಜು ಮುದ್ದೆ ಮುರಿಯುತ್ತಾ ಶ್ರದ್ಧೆಯಿಂದ ಕೇಳಿದ.

"ನಿಧಾನದವೆಲ್ಲ ಸಾರಾದ್ವು, ಚುರುಕಿನವೇ ಉಳ್ಕಂಡ್ವು. ಬೋ ಚೆನ್ನಾಗೇಳ್ದೆ ಕಣವ್ವ" ಎಂದು ಮೂಳೆ ಬಾಯಿಗಿಟ್ಟ.

ಮೂಳೆ ಹಪ್ಪಳದ ಹಾಗೆ ಮುರಿಯಿತು. ಬಾಲರಾಜು ಅದನ್ನು ಹೊರತೆಗೆದು, ಬೆಳಕಿಗೆ ಹಿಡಿದು ನೋಡಿದ.

"ಭಾವ, ಇದನ್ನ ಹೆಂಗೆ ಹಿಡುದ್ರಿ?"

"ಸುಮ್ಕೆ ನಿಂತಿತ್ತು. ಎತ್ಕಂಡೆ."

ಅನುಷಾ ತುತ್ತು ಕೈಯಲ್ಲೇ ಹಿಡಿದು ಅಪ್ಪನನ್ನು ನೋಡಿದಳು.

"ಸುಮ್ಕೆ ನಿಂತ್ಕೊಳೋ ವಂಶ ಈ ಮನೇಲಿ ಉಳ್ದೇ ಇಲ್ಲ ಅಂತ ಈಗ ತಾನೇ ಹೇಳುದ್ಲು ನಿಮ್ಮ ಮಗಳು" ಎಂದ ಬಾಲರಾಜು, ಮೆಲ್ಲಗೆ.

ಇಡೀ ಬೀದಿಗೆ ಸುದ್ದಿ ಹಂಚಿ ಬಂದ ಹುಚ್ಚಯ್ಯ ಆಗ ಏಣಿ ಹೊತ್ತು ಬಾಗಿಲಲ್ಲಿ ನಿಂತ.

"ಏಣಿ ತಂದಿವ್ನಿ ಕಣ್ಲಾ ಕೆಂಪಯ್ಯ. ಅಂಗೇ, ನಮ್ಮ ಕೆಂಪು ಕೋಳಿ ಏನಾರ ಈ ಕಡೆ ಬಂತಾ? ಕುಕ್ಕೆ ಉಳ್ಳೋಗೈತೆ, ಕೋಳಿ ಕಾಣಾಕಿಲ್ಲ. ಫಾರಂದು, ಪಾಪ, ಓಡಕ್ಕೂ ಬರಾಕಿಲ್ಲ ಅದಕ್ಕೆ."

ಬಾಲರಾಜು ಎದ್ದು ಕೈ ತೊಳೆಯಲು ಹೋದ. ಒಳಗೆ ಸರಸಮ್ಮ ಬೀರು ತೆಗೆದು ಸೀರೆ ಎಳೆಯುತ್ತಿರುವ ಸದ್ದು ಕೇಳಿಸಿತು.