ಬಿಲ್ಲೆಗಳಿಗೆ ಎಣ್ಣೆ ಹಚ್ಚಿದ ಭಾನುವಾರ

ಪೋಕರ್ ಎಂಬ ಇಸ್ಪೀಟಾಟದ ಬಿಲ್ಲೆಗಳ, ಅಂದರೆ ಚಿಪ್ಸಿನ, ಪೆಟ್ಟಿಗೆ ಬಿಚ್ಚಿದ ಸ್ವಲ್ಪ ಹೊತ್ತಿಗೇ ಗುಮಾಸ್ತ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನಂತಾಗಿದ್ದ. ಅಂಗೈ ಬಿಳಿ, ಮೂಗಿನ ತುದಿ ಬಿಳಿ, ಸಂಜೆಗೆಂದು ಇಸ್ತ್ರಿ ಮಾಡಿ ಹಾಕಿಕೊಂಡಿದ್ದ ಕಪ್ಪು ಪ್ಯಾಂಟಿನ ಮೇಲೆ ಎರಡು ಬಿಳಿ ಹಸ್ತ. ಅಸಲಿ ಮಣ್ಣಿನ ಬಿಲ್ಲೆ, ಕೈಗೆ ತೂಕ ಸಿಗುತ್ತೆ, ತಾಗಿದರೆ ಸದ್ದೇ ಬೇರೆ ಎಂದು ಅಂಗಡಿಯವನು ಹೊಗಳಿದ್ದೇನೂ ಸುಳ್ಳಲ್ಲ. ಅಚ್ಚಿನಿಂದ ತೆಗೆದಾಗಿನ ಪುಡಿ ಮೈಗೆ ಅಂಟಿಕೊಂಡೇ ಇರುತ್ತೆ ಎನ್ನುವುದೊಂದನ್ನು ನುಂಗಿಕೊಂಡಿದ್ದ, ಅಷ್ಟೆ.

ಸಂಜೆ ಆಟಕ್ಕೆ ಬರುವವರು ವಸ್ತುಸಂಗ್ರಹಾಲಯದ ದೊಡ್ಡ ಸಾಹೇಬರು. ಗುಮಾಸ್ತ ಅದೇ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಉಗ್ರಾಣದಲ್ಲಿ, ವರ್ಷಾನುಗಟ್ಟಲೆ ಬೂಷ್ಟಿನ ವಾಸನೆ ಕುಡಿಯುತ್ತ ಕೂತವನು. ಹೊರಗೆ ಹಗಲೋ ಸಂಜೆಯೋ ತಿಳಿಯಬೇಕಾದರೆ ಮೆಟ್ಟಿಲು ಹತ್ತಬೇಕು. ಈಗ ಮೊದಲನೇ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿಯೊಂದು ಖಾಲಿಯಾಗಿತ್ತು. ಅದರ ಮೇಲೆ ಇವನಿಗೂ ಕಣ್ಣು, ಪಕ್ಕದ ಮೇಜಿನ ಸಹೋದ್ಯೋಗಿಗೂ ಕಣ್ಣು. ಆ ಸಹೋದ್ಯೋಗಿ ಹಾಜರಿ ಹಾಕುವಾಗಲೂ ಬಾಯಿ ತೆರೆಯುವವನಾದ್ದರಿಂದ ಕಚೇರಿಯವರೆಲ್ಲ ಅವನನ್ನು ಆಕಳಿಕೆ ಎಂದೇ ಕರೆಯುತ್ತಿದ್ದರು. ಸಾಹೇಬರಿಗೆ ಪೋಕರ್ ಎಂದರೆ ಪ್ರಾಣ. ದುಡ್ಡು ಕಟ್ಟುವುದಿಲ್ಲ, ಮುಂದೆ ಬಿಲ್ಲೆಗಳ ಗುಡ್ಡೆ ಬೆಳೆಯುವುದನ್ನು ನೋಡುವುದೇ ಅವರಿಗೆ ಖುಷಿ. ಗುಮಾಸ್ತ ಅದನ್ನು ತಿಳಿದೇ ಮನೆಗೆ ಕರೆದಿದ್ದ.

"ಚಿಪ್ಸ್ ತರಿಸಿದೀನಿ ಅಂದ್ರಲ್ಲ, ಇದೇನ್ರೀ ಸುಣ್ಣದ ಗುಳಿಗೆ?" ಎಂದಳು ಹೆಂಡತಿ.

ಅಷ್ಟರಲ್ಲಿ ಎದುರು ಮನೆಯ ರಸಾಯನಶಾಸ್ತ್ರದ ಮೇಷ್ಟ್ರು ಬಾಗಿಲಲ್ಲಿದ್ದರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಪಾಠದಿಂದ ಆಗಿರಲಿಲ್ಲ.

"ಮುಟ್ಬೇಡಿ! ಉಗುರುಬೆಚ್ಚಗಿನ ನೀರು, ಒಂಚೂರು ಸೋಪು, ಮೆತ್ತನೆ ಬ್ರಷ್ಷು. ಒಂದೊಂದನ್ನೇ ಉಜ್ಬೇಕು. ಒಣಗಿದ ಮೇಲೆ ಎಣ್ಣೆ."

"ಎಣ್ಣೆ ಯಾಕೆ ಮೇಷ್ಟ್ರೇ?"

"ಬಣ್ಣ ಏಳೋಕೆ! ಮಗುವಿನ ಮೈಗೆ ಹಚ್ತಾರಲ್ಲ, ಆ ಎಣ್ಣೆ. ನಾನು ಹೇಳಿದ ಹಾಗೆ ಮಾಡಿ, ನಿಮ್ಮ ಸಾಹೇಬರು ಕಣ್ಣು ಮಿಟುಕಿಸೋದನ್ನೇ ಮರೀತಾರೆ."

ಗುಮಾಸ್ತ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತ. ಮೆತ್ತನೆ ಬ್ರಷ್ಷೆಂದು ಸಿಕ್ಕಿದ್ದು ಹೆಂಡತಿಯ ಹೊಸ ಹಲ್ಲುಜ್ಜುವ ಬ್ರಷ್ಷು. ಕೆಂಪು, ನೀಲಿ, ಹಸಿರು, ಒಂದೊಂದರ ಅಂಚಿನ ಗೀರಿನೊಳಗೂ ಕೂದಲು ತೂರಿಸಿ ಉಜ್ಜಿದ. ಮೇಷ್ಟ್ರು ಬಾಗಿಲಿಗೆ ಒರಗಿ, "ಅದರ ಹಿಂದೆ ಇನ್ನೂ ಇದೆ... ಆ ಕೆಂಪನ್ನ ಇನ್ನೊಂದ್ಸಲ..." ಎನ್ನುತ್ತ ತಮ್ಮ ಕೈಯನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನ ಬೆರಳುಗಳು ನೆನೆಸಿಟ್ಟ ದ್ರಾಕ್ಷಿಯಂತೆ ಸುಕ್ಕುಗಟ್ಟಿದ್ದವು.

ಒಣಗಲೆಂದು ಬಿಲ್ಲೆಗಳನ್ನು ಮಂಚದ ಮೇಲೆ ಹರಡಿ ಫ್ಯಾನು ಹಾಕಿದ. ಕರ್ಟನ್ ಎಳೆದಿದ್ದ ಕೋಣೆಗೆ ಹೆಂಡತಿ ತಲೆನೋವೆಂದು ಬಂದು ಧೊಪ್ಪೆಂದು ಅಡ್ಡಾದಳು. ಮರುಕ್ಷಣ ಅವಳ ಕೂಗು ಬೀದಿಗೆ ಕೇಳಿಸಿತು. ಕತ್ತಿನ ಹಿಂದೆ ಅಂಟಿಕೊಂಡಿದ್ದ ನೀಲಿ ಬಿಲ್ಲೆಯೊಂದನ್ನು ಗುಮಾಸ್ತ ಕ್ಷಮೆ ಕೇಳುತ್ತಲೇ ಕಿತ್ತುಕೊಂಡ. ಒದ್ದೆಯಾಗಿದ್ದರಿಂದ ಊದಿದ. ಅವಳು ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.

ಎಣ್ಣೆಯ ಸರದಿ ಬಂತು. ಬಟ್ಟೆಗೆ ತೊಟ್ಟು ತೊಟ್ಟೇ ಹಾಕಿಕೊಂಡು ಗುಮಾಸ್ತ ಒರೆಸತೊಡಗಿದ. ಮಂಕಾಗಿದ್ದ ಕೆಂಪು ನಿಜಕ್ಕೂ ಕೆಂಪಾಯಿತು. ಎಲ್ಲವೂ ಮುಗಿದು ತಟ್ಟೆಗೆ ತುಂಬಿದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಇನ್ನೊಂದು ಕೈ ಬೀಳ್ಬೇಕು ಕಣ್ರೀ," ಎಂದು ಬಾಟಲಿ ಬಗ್ಗಿಸಿದರು. ಮುಚ್ಚಳ ಸಡಿಲವಾಗಿತ್ತು. ಉಳಿದದ್ದೆಲ್ಲ ಒಮ್ಮೆಗೇ ಗಳಗಳನೆ ಸುರಿಯಿತು.

"ಏನಾಗಲ್ಲ, ಹೀರ್ಕೊಳ್ಳುತ್ತೆ," ಎಂದರು ಮೇಷ್ಟ್ರು.

ಹೀರಿಕೊಳ್ಳಲಿಲ್ಲ. ಗುಮಾಸ್ತ ಟವೆಲ್ಲಿನಿಂದ ಒರೆಸಿದ, ಲುಂಗಿಯಿಂದ ಒರೆಸಿದ, ಕೊನೆಗೆ ಬನಿಯನ್ನು ಬಿಚ್ಚಿ ಅದರಿಂದಲೂ ಒರೆಸುತ್ತಿದ್ದಾಗ ಕರೆಗಂಟೆ ಸದ್ದಾಯಿತು.

ಸಾಹೇಬರು ತಿಳಿ ಬಣ್ಣದ ಪ್ಯಾಂಟು ತೊಟ್ಟು ಬಂದಿದ್ದರು. ಹಿಂದೆ ಆಕಳಿಕೆ. ಕರೆಯದಿದ್ದರೂ ಮೇಷ್ಟ್ರು ನಾಲ್ಕನೇ ಕುರ್ಚಿ ಹಿಡಿದರು. ಎಲೆ ಹಂಚಿದರು. ಮೊದಲ ಆಟವನ್ನೇ ಗೆದ್ದ ಸಾಹೇಬರು ಗತ್ತಿನಿಂದ ಬಿಲ್ಲೆಗಳನ್ನು ಎತ್ತರಕ್ಕೆ ಪೇರಿಸಿದರು. ಗುಡ್ಡೆ ಒಂದು ಕ್ಷಣ ನಿಂತಿತು, ಸೊಂಟ ಬಳುಕಿಸಿತು, ಹಾಗೇ ಜಾರಿ ಅವರ ತೊಡೆಯ ಮೇಲೆ ಬಿತ್ತು. ತಿಳಿ ಬಣ್ಣದ ಪ್ಯಾಂಟಿನ ತುಂಬ ದುಂಡು ದುಂಡನೆ ಎಣ್ಣೆ ಕಲೆ.

ಆಕಳಿಕೆ ದೊಡ್ಡದಾಗಿ ಆಕಳಿಸಿದ.

"ಇದನ್ನೆಲ್ಲ ಮಾಡಿದ್ದು ಯಾರು?" ಎಂದರು ಸಾಹೇಬರು.

"ನಾನು ಬರೀ ನೋಡ್ತಾ ನಿಂತಿದ್ದೆ ಸಾರ್," ಎಂದು ಮೇಷ್ಟ್ರು ಕುರ್ಚಿ ಹಿಂದಕ್ಕೆಳೆದುಕೊಂಡರು.

ಸಾಹೇಬರು ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಬಿಲ್ಲೆಯ ಅಂಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇನ್ನೊಂದನ್ನು ನೋಡಿದರು. ಹುಬ್ಬು ಮೇಲೇರಿತು. "ಗೀರಿನೊಳಗೆ ಒಂದು ಕಣ ಪುಡಿಯೂ ಉಳಿದಿಲ್ಲ, ಒಂದು ಕಡೆಯೂ ತರಚಿಲ್ಲ. ಎಣ್ಣೆ ಹೆಚ್ಚಾಗಿದೆ, ಇರಲಿ. ಇದು ಕೈಕೆಲಸ ಅಂದ್ರೆ!"

ಮೇಷ್ಟ್ರ ಕುರ್ಚಿ ತಕ್ಷಣ ಮುಂದೆ ಬಂತು. "ನಾನೇ ಸಾರ್ ಹೇಳ್ಕೊಟ್ಟಿದ್ದು! ಸೋಪು ನಂದು, ಬ್ರಷ್ಷಿನ ಐಡಿಯಾ ನಂದು—"

ಬೆಳಗಿನಿಂದ ತಡೆದುಕೊಂಡಿದ್ದ ಗುಮಾಸ್ತನಿಗೆ ಈಗ ರೇಗಿತು. "ಇಲ್ಲ ಸಾರ್! ಇವರು ಒಂದು ಬಿಲ್ಲೆನೂ ಮುಟ್ಟಿಲ್ಲ. ಉಜ್ಜಿದ್ದು ನಾನು, ಒಣಗಿಸಿದ್ದು ನಾನು, ಒರೆಸಿದ್ದೂ ನಾನೇ. ಒಬ್ಬನೇ!"

"ಒಬ್ಬರೇ? ಬೇಜಾರಾಗ್ಲಿಲ್ವಾ?"

"ಬೇಜಾರಾ? ಇಂಥ ಕೆಲಸ ಇನ್ನೂ ಹತ್ತು ವರ್ಷ ಕೊಟ್ರೂ ಮಾಡ್ತೀನಿ ಸಾರ್," ಎಂದ ಗುಮಾಸ್ತ ಎದೆಯುಬ್ಬಿಸಿ. ಕಿಟಕಿಯ ಗಾಳಿ ಆಗಲೇ ಮುಖಕ್ಕೆ ಬಡಿದಂತಾಗಿತ್ತು.

ಸಾಹೇಬರು ಎದ್ದು ಅವನ ಕೈ ಕುಲುಕಿದರು. "ನನ್ನ ದೊಡ್ಡ ಚಿಂತೆ ಹೋಯ್ತು ನೋಡಿ. ಅಗೆತದಲ್ಲಿ ಸಿಕ್ಕಿದ ಮಣ್ಣಿನ ಮುದ್ರೆಗಳು ಲಾರಿಗಟ್ಟಲೆ ಬರ್ತಿವೆ. ಎಲ್ಲ ಈ ಬಿಲ್ಲೆಗಳಷ್ಟೇ ಚಿಕ್ಕವು, ಕೆಸರು ಮೆತ್ತಿಕೊಂಡಿವೆ. ಬಿಸಿಲು ತಾಗಿದ್ರೆ ಬಿರುಕು ಬಿಡ್ತವೆ, ಹಾಗಾಗಿ ನೆಲಮಾಳಿಗೆಯಲ್ಲೇ ಶುದ್ಧ ಮಾಡ್ಬೇಕು. ನಿಮ್ಮನ್ನ ಮೇಲಕ್ಕೆ ಕಳಿಸೋಕೆ ನಿನ್ನೆಯೇ ಆರ್ಡರ್ ಟೈಪ್ ಮಾಡ್ಸಿದ್ದೆ. ಬೆಳಿಗ್ಗೆ ಹರಿದು ಹಾಕ್ತೀನಿ. ನಿಮ್ಮ ಪಕ್ಕದ ಮೇಜಿನ ಇವರು ಮೇಲೆ ಹೋಗ್ಲಿ, ಅಲ್ಲಿ ಸುಮ್ನೆ ಕೂತ್ರೆ ಸಾಕು."

ಆಕಳಿಕೆ ಎಂದೂ ಇಲ್ಲದಂತೆ ಬಾಯಿ ಮುಚ್ಚಿದ.

"ಸಾರ್," ಎಂದ ಗುಮಾಸ್ತ, "ನಿಜ ಹೇಳ್ಬೇಕಂದ್ರೆ... ಮೇಷ್ಟ್ರೂ ಕೈ ಹಾಕಿದ್ರು. ಅರ್ಧಕ್ಕರ್ಧ ಅವರೇ ಮಾಡಿದ್ದು."

ಮೇಷ್ಟ್ರು ಕೈಯಲ್ಲಿದ್ದ ಎಲೆಗಳಿಂದ ತಲೆಯೆತ್ತಲಿಲ್ಲ.

"ಛೆ ಛೆ, ದೊಡ್ಡ ಮನಸ್ಸು ಸಾರ್ ಇವರದ್ದು," ಎಂದರು. "ಪೂರ್ತಿ ಇವರೊಬ್ಬರೇ ಮಾಡಿದ್ದು. ಬೆಳಗಿನಿಂದ ಇಲ್ಲೇ ನಿಂತಿದ್ದೆ, ನಾನೇ ಸಾಕ್ಷಿ."