ಅದೃಶ್ಯ ಮಾಲೀಕರ ಒಪ್ಪಿಗೆ ಪತ್ರ

ಫಿಲಿಪ್ಪೀನ್ಸಿನ ಕಲಂಬಾಯ್ ದ್ವೀಪದಲ್ಲಿ ಮನುಷ್ಯರಿಗಿಂತ ಮೊದಲೇ ಬಂದು ನೆಲೆಸಿದ ಕೆಲವರಿದ್ದಾರೆ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಡಿನ ಜಾಗವೆಲ್ಲ ಅವರದೇ. ಇದು ಅಜ್ಜಿಕತೆಯಲ್ಲ. ಪುರಸಭೆಯ ಪ್ರವಾಸೋದ್ಯಮ ಶಾಖೆಯು ಮೊಹರು ಒತ್ತಿ ದೃಢಪಡಿಸಿದ ಸಂಗತಿ.

ದೃಢಪಡಲು ಕಾರಣನಾದವನು ದಾದೊಯ್. ಇಪ್ಪತ್ತೆರಡು ವರ್ಷಗಳಿಂದ ಅವನು ಪ್ರವಾಸಿಗರನ್ನು ಬೆಳಗ್ಗೆ ಕಾಡಿಗೆ ಕರೆದೊಯ್ದು, ಗುಹೆಯಲ್ಲಿ ತೆವಳಿಸಿ, ಬಂಡೆ ಹತ್ತಿಸಿ, ತೆಂಗಿನ ಗರಿಯ ಪೊಟ್ಟಣದಲ್ಲಿ ಬೇಯಿಸಿದ ಅನ್ನ, ಸುಟ್ಟ ಮೀನು ತಿನ್ನಿಸಿ, ಜಲಪಾತದ ನೆತ್ತಿಯಿಂದ ನೀರಿಗೆ ಹಾರಿಸಿ, ಸಂಜೆ ಐದಕ್ಕೆ ಕೈಕಾಲು ಸಮೇತ ವಾಪಸು ತರುತ್ತಿದ್ದ. ಬೆಸ್ತರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದ ಕೂಡಲೇ ವಾಂತಿ ಮಾಡುವ ಗಂಡಸು ಆ ದ್ವೀಪದಲ್ಲಿ ಅವನೊಬ್ಬನೇ. ಈ ಮಾರ್ಗದರ್ಶಿ ಲೈಸೆನ್ಸ್ ಹೋದರೆ ಅವನಿಗೆ ಬೇರೆ ಗತಿಯಿರಲಿಲ್ಲ.

ಅದರ ನವೀಕರಣಕ್ಕಾಗಿ ಶಾಖಾಧಿಕಾರಿ ಪೆರ್ಪೆತುವಾ ಮೇಡಂ ಕೊಡೆ ಹಿಡಿದು ಖುದ್ದು ಸ್ಥಳ ಪರಿಶೀಲನೆಗೆ ಬಂದರು. ದೊಡ್ಡ ಆಲದ ಮರದ ತನಕ ಎಲ್ಲವೂ ಸುಸೂತ್ರವಾಗಿತ್ತು. ಅಲ್ಲಿ ದಾದೊಯ್ ತಲೆಬಾಗಿ, "ತಾಬಿ, ಅಪೋ. ಸ್ವಲ್ಪ ದಾರಿ ಬಿಡಿ ಹಿರಿಯರೇ, ಹೀಗೆ ಹೋಗ್ಬಿಡ್ತೀವಿ," ಎಂದ. ಹಾಗೆನ್ನದೆ ಆ ಮರ ದಾಟಿದವರು ಊರಲ್ಲಿ ಯಾರೂ ಇಲ್ಲ. ಮೇಡಂ ಕೂಡ ಅಂದರು. ಅಂದಾದ ಮೇಲೆ ಪೆನ್ನು ತೆಗೆದರು.

"ಯಾರ ಹತ್ರ ಕೇಳಿದ್ದು ನೀನು?"

"ಈ ಜಾಗದ ಯಜಮಾನರ ಹತ್ರ. ನೀವೂ ಕೇಳಿದ್ರಲ್ಲ ಮೇಡಂ!"

"ನಾನು ಕೇಳಿದ್ದು ಖಾಸಗಿಯಾಗಿ. ನೀನು ಕೇಳಿದ್ದು ವ್ಯಾಪಾರಕ್ಕೆ. ಯಜಮಾನರು ಅಂದ್ಮೇಲೆ ಒಪ್ಪಿಗೆ ಪತ್ರ ಬೇಕಲ್ಲ. ಎಲ್ಲಿ?"

"ಅವರು ಬರೆಯೋ ಪೈಕಿ ಅಲ್ಲ ಮೇಡಂ. ಇಷ್ಟ ಆಗದಿದ್ರೆ ಮೈತುಂಬ ಬೊಕ್ಕೆ ಏಳಿಸ್ತಾರೆ, ಅಷ್ಟೇ."

"ನಿಂಗೆ ಎದ್ದಿದ್ಯಾ?"

"ಇವತ್ತಿನ ತನಕ ಒಂದೂ ಇಲ್ಲ."

"ಹಂಗಾದ್ರೆ ದಾಖಲೆನೇ ಇಲ್ಲ ಅಂತಾಯ್ತು."

ಮೇಡಂ ಕರುಣಾಮಯಿ. ಸುಲಭದ ದಾರಿಯನ್ನೂ ತೋರಿಸಿದರು. "ಇಲ್ಲಿ ಯಾವ ಯಜಮಾನರೂ ಇಲ್ಲ ಅಂತ ಬರೆದು ಸಹಿ ಹಾಕು. ಮುಗೀತು."

ದಾದೊಯ್ ಮರದ ಕಡೆ ನೋಡಿದ. "ಇಲ್ಲೇ ನಿಂತ್ಕೊಂಡಾ? ನನ್ ಕೈಲಾಗಲ್ಲ. ಬೇಕಾದ್ರೆ ನೀವೇ ಬರೀರಿ ಮೇಡಂ."

ಮೇಡಂ ಕೂಡ ಮರದ ಕಡೆ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಮರುದಿನವೇ ಮರದ ಕಾಂಡಕ್ಕೆ ಪ್ರಕಟಣೆ ಬಿತ್ತು:

"ಸದರಿ ಮರ ಮತ್ತು ಸುತ್ತಮುತ್ತ ವಾಸವಿರುವ ಅದೃಶ್ಯ ಮಾಲೀಕರು ಹದಿನೈದು ದಿನಗಳೊಳಗೆ ಭಾವಚಿತ್ರವಿರುವ ಗುರುತಿನ ಚೀಟಿಯೊಂದಿಗೆ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅವರ ಪರವಾಗಿ ಪ್ರತಿನಿಧಿಯೊಬ್ಬರನ್ನು ನೇಮಿಸಲಾಗುವುದು."

ಯಾರೂ ಬರಲಿಲ್ಲ. ಬಂದಿದ್ದರೂ ಗುಮಾಸ್ತರಿಗೆ ಕಾಣಿಸುವಂತಿರಲಿಲ್ಲ. ಹದಿನಾರನೆಯ ದಿನ ಮೇಯರರ ಭಾವಮೈದುನ ಎಪಿಫಾನಿಯೊ ಪ್ರತಿನಿಧಿಯಾಗಿ ನೇಮಕಗೊಂಡ. ಪುರಸಭೆಯಲ್ಲಿ ಹನ್ನೊಂದು ವರ್ಷ ನೌಕರನಾಗಿದ್ದೂ ಆತ ಕಚೇರಿಯಲ್ಲಿ ಒಮ್ಮೆಯೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದ್ದರಿಂದ ಅವನ ಅರ್ಹತೆಯ ಬಗ್ಗೆ ಯಾರೂ ತಕರಾರೆತ್ತಲಿಲ್ಲ.

ಮರದ ಕೆಳಗೆ ಮೇಜು, ಮೊಹರು, ಮಲಗಲು ಬಲೆಯ ಜೋಲಿ ಬಂದವು. ಪ್ರತಿಯೊಬ್ಬ ಪ್ರವಾಸಿಯೂ ಮೂರು ಪ್ರತಿಗಳಲ್ಲಿ ಅರ್ಜಿ ಕೊಡಬೇಕು. ಮಾಲೀಕರು ಅಂದೇ ಸಂಜೆಯೊಳಗೆ ತೀರ್ಮಾನ ತಿಳಿಸುತ್ತಾರೆ. ಊರವರ ಬಾಯಿಮಾತಿನ 'ತಾಬಿ'ಯೂ ಇನ್ನು ಮುಂದೆ ಊರ್ಜಿತವಲ್ಲ. ಮೊದಲ ದಿನ ದಾದೊಯ್ ಹನ್ನೊಂದು ಜನರೊಂದಿಗೆ ಬೆಳಗ್ಗೆ ಎಂಟಕ್ಕೇ ಹಾಜರಾದ. ಪ್ರವಾಸಿಗರಿಂದ ದೂರು ಬಂದರೆ ಲೈಸೆನ್ಸ್ ರದ್ದು ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು.

ಮಧ್ಯಾಹ್ನ ಎರಡಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಿ ಪೂಜಾರಿಗೆ ನಿದ್ದೆ ಬೇರೆ.

"ಅಣ್ಣಾ, ಏನಾಯ್ತು? ಜಲಪಾತಕ್ಕೆ ಇನ್ನೂ ಒಂದು ಗಂಟೆ ದಾರಿ ಇದೆ," ಎಂದು ದಾದೊಯ್ ಜೋಲಿ ಅಲುಗಾಡಿಸಿದ.

"ಅವಸರ ಪಡ್ಬೇಡ್ವೋ ತಮ್ಮಾ. ಅವರವರಲ್ಲೇ ಒಮ್ಮತ ಇಲ್ಲ," ಎಂದು ಎಪಿಫಾನಿಯೊ ಮಗ್ಗುಲು ಬದಲಾಯಿಸಿದ.

ಐದು ಗಂಟೆಗೆ ಅನುಮತಿ ಬಂತು: ವಾಪಸು ಹೋಗಲು. ಎಲ್ಲರ ಮೈಯನ್ನೂ ಸೊಳ್ಳೆ ತಿಂದಿತ್ತು. ದಾದೊಯ್‌ಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತನ್ನ ಕತೆ ಮುಗಿಯಿತು ಎಂದುಕೊಂಡ. ಅಷ್ಟರಲ್ಲಿ ಹಾಲೆಂಡಿನ ಹೆಂಗಸೊಬ್ಬಳು ಅವನ ಕೈ ಹಿಡಿದುಕೊಂಡಳು.

"ಮೂವತ್ತು ದ್ವೀಪ ಸುತ್ತಿದ್ದೀನಪ್ಪ. ನೀರಿಗೆ ಹಾರೋದು ಎಲ್ಲಾ ಕಡೆ ಇದ್ದದ್ದೇ. ಕಾಣದೆ ಇರೋರು ನನ್ನ ಅರ್ಜಿ ಓದ್ತಿದ್ದಾರೆ ಅಂತ ಇಡೀ ದಿನ ಎದೆ ಹೊಡ್ಕೊಂಡಿದ್ದು ಇಲ್ಲೇ ಮೊದಲು!"

ಹನ್ನೊಂದು ಮಂದಿಯೂ ಚಪ್ಪಾಳೆ ತಟ್ಟಿ, ಮೊಹರು ಬಿದ್ದ ಅರ್ಜಿಯನ್ನು ಗೋಡೆಗೆ ತೂಗುಹಾಕಲು ಕೇಳಿ ಪಡೆದುಕೊಂಡರು. ಆ ವಾರವೇ ದಾದೊಯ್‌ಗೆ ಐದು ವರ್ಷದ ಲೈಸೆನ್ಸ್ ಸಿಕ್ಕಿತು. ಅದರಲ್ಲಿ "ಪೂರ್ಣದಿನದ ಹೊರಾಂಗಣ ಸಾಹಸ (ಕುಳಿತುಕೊಂಡು)" ಎಂದು ನಮೂದಾಗಿತ್ತು. ಉಳಿದ ಮಾರ್ಗದರ್ಶಿಗಳೂ ಒಂದೊಂದು ಮರ ಹುಡುಕಿಕೊಂಡರು. ಗುಹೆಗೆ ಬಾವಲಿಗಳು ಮರಳಿದವು. ಮೇಡಂಗೆ ಬಡ್ತಿಯಾಯಿತು.

ಆರು ತಿಂಗಳ ನಂತರ ಒಂದು ಭಾನುವಾರ, ಸೆಕೆ ತಡೆಯಲಾರದೆ ದಾದೊಯ್‌ನ ಹೆಂಡತಿ ಕ್ರೆಸಿಂಗ್ ಟವೆಲು ಹಿಡಿದು ಬಾಗಿಲಿಗೆ ಬಂದಳು.

"ಜಲಪಾತದ ನೀರು ಮುಟ್ಟಿ ಎಷ್ಟು ಕಾಲ ಆಯ್ತೋ! ಬಾ, ಇಬ್ರೂ ಹೋಗಿ ಮುಳುಗೆದ್ದು ಬರೋಣ."

ದಾದೊಯ್‌ಗೆ ಆಸೆಯಾಯಿತು. ಎದ್ದು ಚಪ್ಪಲಿಯನ್ನೂ ಮೆಟ್ಟಿದ. ಆಮೇಲೆ ನೆನಪಾಗಿ ಮತ್ತೆ ಕುಳಿತುಕೊಂಡ.

"ಇವತ್ತು ಭಾನುವಾರ ಕಣೇ. ಯಜಮಾನರಿಗೆ ರಜಾ."

"ಹೌದಲ್ಲ, ಪಾಪ, ಅವರಿಗೂ ವಾರಪೂರ್ತಿ ಕೆಲಸ," ಎನ್ನುತ್ತಾ ಕ್ರೆಸಿಂಗ್ ಟವೆಲು ಮಡಿಸಿ ಒಳಗಿಟ್ಟಳು.