ಸೋಲಿನ ರೆಕಾರ್ಡು

ತಪ್ಪುರಾಯರ ಬಲಗಾಲಿನ ಚಪ್ಪಲಿ ಬಾಯಿ ಬಿಟ್ಟಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಅದರ ಸೋಲು ಒಮ್ಮೆ ನೆಲಕ್ಕೆ, ಒಮ್ಮೆ ಅಂಗಾಲಿಗೆ ಬಡಿದು, ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿಕೊಂಡು ಬರುತ್ತಿರುವಂತೆ ಕೇಳುತ್ತಿತ್ತು. ಹೊಸ ಜೋಡಿಗೆಂದು ಹೆಂಡತಿ ಸಕ್ಕರೆ ಡಬ್ಬಿಯ ಹಿಂದೆ ಕೂಡಿಟ್ಟಿದ್ದ ದುಡ್ಡನ್ನು ಇನ್ನೇನು ಕೈಗಿಡಬೇಕು, ಅಷ್ಟರಲ್ಲಿ ಫೋನು ಬಂತು. ಎಡವಟ್ಟು ಶುರುವಾಗಿದ್ದು ಅಲ್ಲಿಂದ.

ಫೋನು ಅಕ್ಕನದು. ಮರುದಿನ ಮಗಳ ಊರಿಗೆ ಹೊರಡುವವಳು, ಇನ್ನು ಮೇಲೆ ಅಲ್ಲೇ ಇರುವವಳು. "ಪುಟ್ಟಾ, ಸಾಮಾನೆಲ್ಲ ಕಟ್ಟಿ ಆಯ್ತು. ಸಾಯಂಕಾಲ ನಾಲ್ಕಕ್ಕೆ ನಿಮ್ಮನೇಗೆ ಬರ್ತೀನಿ, ಟೀ ಕುಡಿದು ಹೋಗ್ತೀನಿ" ಎಂದಳು. ಆಮೇಲೆ ನಗುತ್ತ, "ಕಟ್ತಾ ಕಟ್ತಾ ನೆನಪಾಯ್ತು ನೋಡು. ಆ ನಮ್ಮ ರೆಕಾರ್ಡ್ ಇದ್ದಿದ್ರೆ, ಹೋಗೋ ಮುಂಚೆ ಒಂದ್ಸಲ ಇಬ್ರೂ ಕೂತು ಕೇಳ್ಬಹುದಿತ್ತು" ಎಂದು ಸೇರಿಸಿದಳು.

ಅಷ್ಟೇ ಸಾಕಾಯಿತು. ಐವತ್ತೆರಡರ ತಪ್ಪುರಾಯರು ನಿಂತ ಜಾಗದಲ್ಲೇ ಹನ್ನೊಂದು ವರ್ಷದ ಹುಡುಗನಾಗಿಬಿಟ್ಟರು.

ಅಮ್ಮ ಹೋದ ಮೇಲೆ ಅವರನ್ನು ಸಾಕಿದ್ದು ಈ ಅಕ್ಕ. ಮನೆಯಲ್ಲಿದ್ದದ್ದು ಒಂದೇ ಒಂದು ರೆಕಾರ್ಡು. ಹೆಂಗಸೊಬ್ಬಳ ತುಂಬು ದನಿ, ಹಿಂದೆ ಜಾಝ್ ವಾದ್ಯಗಳ ಮೇಳ. ಅಕ್ಕ ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. ದಿನಾ ಬೆಳಿಗ್ಗೆ ಅದನ್ನು ಹಾಕಿ, ತಮ್ಮನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಒಂದು ಮಧ್ಯಾಹ್ನ ಗುಜರಿಯವನು ಬಂದಾಗ ತಮ್ಮ ಆ ರೆಕಾರ್ಡನ್ನು ಅದರ ರಟ್ಟಿನ ಅಟ್ಟೆಯಿಂದ ಎಳೆದು ಕೊಟ್ಟು, ಬದಲಿಗೆ ಒಂದು ಸೈಕಲ್ ಬೆಲ್ಲು ತೆಗೆದುಕೊಂಡ. ಸೈಕಲ್ಲು ಇರಲಿಲ್ಲ, ಅದು ಬೇರೆ ಮಾತು. ಸಂಜೆ ಅಕ್ಕ ಖಾಲಿ ಅಟ್ಟೆ ನೋಡಿದಳು, ಬೆಲ್ಲು ನೋಡಿದಳು, "ಹೋಗಲಿ ಬಿಡು" ಎಂದಳು. ಎರಡು ಬಾರಿಸಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಆ "ಹೋಗಲಿ ಬಿಡು" ಮಾತ್ರ ನಲವತ್ತೊಂದು ವರ್ಷದಿಂದ ಮುರಿದ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

"ರೀ, ತಗೊಳ್ಳಿ ದುಡ್ಡು. ಇವತ್ತಾದ್ರೂ ಆ ಸೋಲಿಗೊಂದು ಗತಿ ಕಾಣಿಸಿ" ಎಂದಳು ಹೆಂಡತಿ.

"ಇಷ್ಟೂ ದುಡ್ಡು ಸೋಲಿಗೇ ಖರ್ಚು ಮಾಡ್ತೀನಿ, ಸರೀನಾ?" ಎಂದರು ತಪ್ಪುರಾಯರು. ಸುಳ್ಳು ಹೇಳುವ ಮನುಷ್ಯರಲ್ಲ. ಅಕ್ಕನ ರೆಕಾರ್ಡಿನ ಬಗೆಯ ಹಾಡಿಗೂ ಸೋಲ್ ಎನ್ನುತ್ತಾರೆ, ಹಾಗೆಂದರೆ ಆತ್ಮ ಎಂದು ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ, ಅಷ್ಟೆ.

ತಪ್ಪುರಾಯರು ಎನ್ನುವುದು ಅವರಿಗೆ ಊರು ಕೊಟ್ಟ ಹೆಸರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೂವತ್ತು ವರ್ಷದಿಂದ ಪ್ರೂಫು ತಿದ್ದುವ ಕೆಲಸ. ಬಸ್ಸಿನ ಬೋರ್ಡಿನಲ್ಲಿ, ಔಷಧಿ ಚೀಟಿಯಲ್ಲಿ, ಎಲ್ಲಿ ಕಂಡರೂ ಮೊದಲು ಕಾಣುವುದು ತಪ್ಪೇ. ಮೊಸರಿನಲ್ಲಿ ಕಲ್ಲು ಹುಡುಕುವವರು ಬೇಕಾದಷ್ಟು ಜನ ಇದ್ದಾರೆ, ಇವರು ಹುಡುಕಿ ಅದರ ಪಕ್ಕ ಕೆಂಪು ಗುರುತನ್ನೂ ಹಾಕುವವರು.

ಪ್ರೆಸ್ಸಿಗೆ ರಜೆ ಹೇಳಿ ಅವರು ನೇರ ಹೋದದ್ದು ಸೂಜಿಯಜ್ಜನ ಹಳೆ ರೆಕಾರ್ಡಿನ ಅಂಗಡಿಗೆ. ಅಜ್ಜ ದುಡ್ಡಿದ್ದವರಿಗೆ ರೆಕಾರ್ಡು ಮಾರುತ್ತಿದ್ದ, ಇಲ್ಲದವರಿಗೆ ಪಾಠ ಹೇಳುತ್ತಿದ್ದ. ಎಷ್ಟೋ ಭಾನುವಾರ ಪಾಠ ಕೇಳಿ ಎದ್ದು ಬಂದವರು ತಪ್ಪುರಾಯರು. ಅವರು ಹುಡುಕುತ್ತಿದ್ದ ರೆಕಾರ್ಡು ಮಾತ್ರ ಇಷ್ಟು ವರ್ಷ ಬಂದಿರಲಿಲ್ಲ. ಕಳೆದ ವಾರ, ಎಲ್ಲೆಲ್ಲಿಂದಲೋ ಕೂಡಿಸಿಟ್ಟ ಯಾರದೋ ದೊಡ್ಡ ಸಂಗ್ರಹ ಅಂಗಡಿಗೆ ಬಂದಾಗ, ಒಂದಲ್ಲ, ಮೂರು ಬಂದಿದ್ದವು.

"ಅಜ್ಜಾ, ಒಳ್ಳೆ ಪ್ರೆಸ್ಸಿಂಗ್ ಬೇಕು. ದುಡ್ಡು ಇಷ್ಟೇ ಇರೋದು."

ಬಿಸಿ ಪ್ಲಾಸ್ಟಿಕ್ಕಿನ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ರೆಕಾರ್ಡು. ಆ ಒತ್ತುವುದಕ್ಕೇ ಪ್ರೆಸ್ಸಿಂಗು ಎಂದು ಹೆಸರು. ಅದೇ ಹಾಡು, ಅದೇ ಗಾಯಕಿ, ಆದರೂ ಯಾವ ಅಚ್ಚಿನಿಂದ ಯಾವಾಗ ಒತ್ತಿದ್ದು ಎನ್ನುವುದರ ಮೇಲೆ ಕೇಳಿಸುವ ದನಿ ಬೇರೆ. ಅಚ್ಚಿನಮನೆಯಲ್ಲೇ ಕೂದಲು, ಅಂದರೆ ಉಳಿದಷ್ಟು ಕೂದಲು, ನರೆತಿದ್ದ ತಪ್ಪುರಾಯರಿಗೆ ಇದು ಸಲೀಸಾಗಿ ಅರ್ಥವಾಗಿತ್ತು. ಮೊದಲ ಮುದ್ರಣ, ಮರುಮುದ್ರಣ.

ಅಜ್ಜ ಮೇಲಿನ ಕಪಾಟಿನಿಂದ ಒಂದನ್ನು ಇಳಿಸಿದ. "ಇದು ಮೊದಲನೇ ಪ್ರೆಸ್ಸಿಂಗ್. ಬೆಲೆ ಕೇಳ್ಬೇಡಿ, ಊಟ ಸೇರಲ್ಲ. ಇದು ನೋಡಿ, ಹತ್ತು ವರ್ಷ ಆದ್ಮೇಲೆ ಒತ್ತಿದ್ದು. ಜನ ಅಟ್ಟೆ ನೋಡಿ ದುಡ್ಡು ಕೊಡ್ತಾರೆ. ನೀವು ಇಲ್ಲಿ ನೋಡಿ." ನಡುವಿನ ಕಾಗದದ ಪಕ್ಕ, ಹಾಡಿನ ಗೆರೆಗಳು ಮುಗಿಯುವ ನುಣುಪಾದ ಜಾಗದಲ್ಲಿ ಯಾರೋ ಕೈಯಿಂದ ಗೀಚಿದ ಎರಡು ಅಕ್ಷರ. "ಅಚ್ಚು ಕೊರೆದವನ ಗುರುತು. ಎರಡರಲ್ಲೂ ಒಂದೇ. ಅಂದ್ರೆ ಅಚ್ಚು ಅದೇ, ಕಾಗದ ಮಾತ್ರ ಹೊಸದು. ಬಡವನ ಮೊದಲನೇ ಪ್ರೆಸ್ಸಿಂಗ್ ಇದು."

ತಪ್ಪುರಾಯರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಗೀರಿಲ್ಲ. ತೂತಿನ ಸುತ್ತ ನೋಡಿದರು.

"ಅಲ್ಲಿ ಗೀಚು ಜಾಸ್ತಿ ಇದ್ರೆ ಸಾವಿರಾರು ಸಲ ಹಾಕಿ ತೆಗೆದಿದ್ದಾರೆ ಅಂತ ಅರ್ಥ. ಸೂಜಿ ಹಾಡನ್ನೆಲ್ಲ ತಿಂದ್ಹಾಕಿರುತ್ತೆ" ಎಂದ ಅಜ್ಜ.

"ಅಂಚು ಸ್ವಲ್ಪ ಎದ್ದಿದೆಯಲ್ಲ?"

"ಸೂಜಿಗೇನೂ ತೊಂದ್ರೆ ಇಲ್ಲ. ದಪ್ಪ ಪುಸ್ತಕದ ಅಡಿ ಎರಡು ವಾರ ಇಡಿ, ಕೂತ್ಕೊಳ್ಳುತ್ತೆ."

ಮೂರನೆಯದು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ, ಅಟ್ಟೆಯಿಲ್ಲದೆ, ಕಂದು ಕಾಗದದಲ್ಲಿ ಸುತ್ತಿಕೊಂಡು ಬಿದ್ದಿತ್ತು. "ಇದು ಬೇಕಾದ್ರೆ ಪುಕ್ಕಟೆ ಒಯ್ಯಿರಿ" ಎಂದು ಅಜ್ಜ ಅದನ್ನು ಹಾಕಿ ಕೇಳಿಸಿದ. ಎರಡನೇ ಹಾಡಿನ ನಡುವೆ ಸೂಜಿ ಟಕ್ಕನೆ ಹಾರಿತು. ಹಾರಿದ್ದೇ ತಡ, ತಪ್ಪುರಾಯರ ಕೈ ತಾನಾಗಿ ನೆತ್ತಿಗೆ ಹೋಯಿತು.

"ತಲೆಗೇನಾಯ್ತು?"

"ಏನಿಲ್ಲ. ಯಾಕೋ ಚುರುಕ್ ಅಂತು." ಅವರು ಬೆರಳು ಮಡಚಿದರು. "ಅಟ್ಟೆ ಇಲ್ಲ, ಮೈತುಂಬ ಗೀರು, ತೂತಿನ ಸುತ್ತ ಗೀಚು, ಹಾಡು ಹಾರುತ್ತೆ, ಕಾಗದದ ಮೇಲೆ ಕೆಂಪು ಕಲೆ ಬೇರೆ. ಐದು ತಪ್ಪು. ಎರಡನೇದೇ ಕೊಡಿ ಅಜ್ಜ."

ಮಧ್ಯಾಹ್ನ ರೆಕಾರ್ಡನ್ನು ಎದೆಗೊತ್ತಿಕೊಂಡು ಮನೆಗೆ ಬಂದರೆ ಮೆಟ್ಟಿಲ ಕೆಳಗಿನ ಅಂಗಡಿಯಿಂದ ಇಸ್ತ್ರಿಯಣ್ಣ ಇಣುಕಿದ. ಆ ಮನುಷ್ಯನಿಗಿದ್ದ ಒಂದೇ ದುರ್ಗುಣ ಪರೋಪಕಾರ. ಕೇಳದಿದ್ದರೂ ಮಾಡುತ್ತಿದ್ದ, ಬೇಡವೆಂದರೆ ಇನ್ನಷ್ಟು ಮಾಡುತ್ತಿದ್ದ.

"ಏನ್ ಸಾರ್ ಅದು, ಮಗು ಎತ್ಕೊಂಡ ಹಾಗೆ?"

"ಅಕ್ಕನಿಗೆ ಕಣಪ್ಪಾ. ಒಳ್ಳೆ ಪ್ರೆಸ್ಸಿಂಗು! ಅಂಚು ಮಾತ್ರ ಸ್ವಲ್ಪ ಎದ್ದಿದೆ. ಭಾರವಾದ್ದೇನಾದ್ರೂ ಇಟ್ರೆ ಸರಿಹೋಗುತ್ತೆ."

"ಪ್ರೆಸ್ಸಿಂಗಾ?" ಇಸ್ತ್ರಿಯಣ್ಣನ ಮುಖ ಅರಳಿತು. "ನಾವಿರೋದೇ ಅದಕ್ಕಲ್ವಾ ಸಾರ್!"

ತಮಾಷೆ ಎಂದುಕೊಂಡು ತಪ್ಪುರಾಯರು ನಕ್ಕು ಮೇಲೆ ಹೋದರು. ಹೆಂಡತಿ ಮೊದಲು ನೋಡಿದ್ದು ಅವರ ಕಾಲನ್ನೇ.

"ಚಪ್ಪಲಿ ಎಲ್ಲಿ?"

ಸಂಗತಿ ಹೇಳಿದರು. ಕೋಪಕ್ಕೆಂದು ಸೊಂಟಕ್ಕೆ ಹೋಗಿದ್ದ ಅವಳ ಕೈ ಅಕ್ಕನ ಹೆಸರು ಕೇಳಿ ಕೆಳಗಿಳಿಯಿತು. "ಅತ್ತಿಗೆಗೆ ಅಂದ್ರೆ ನಾನೇನೂ ಹೇಳಲ್ಲ" ಎಂದಳು. ತಪ್ಪುರಾಯರು ರೆಕಾರ್ಡನ್ನು ಮೇಜಿನ ಮೇಲಿಟ್ಟು ಬಿಸ್ಕೆಟ್ಟು ತರಲು ಹೋದರು.

ಹೋಗಿ ಬರಲು ಹಿಡಿದದ್ದು ಇಪ್ಪತ್ತು ನಿಮಿಷ. ಮೇಜಿನ ಮೇಲೆ ಖಾಲಿ ಅಟ್ಟೆ ಇತ್ತು. ಖಾಲಿ ಅಟ್ಟೆ ಕಂಡರೆ ಆಗುವ ಸಂಕಟ ಅವರಿಗೆ ಹಳೆಯದು.

"ಇದರೊಳಗಿದ್ದದ್ದು ಎಲ್ಲಿ?"

"ಇಸ್ತ್ರಿಯಣ್ಣ ಬಂದು ತಗೊಂಡ್ಹೋದ. ಅಂಚು ಕೂರಿಸಿ ಕೊಡ್ತೀನಿ ಅಂದ. ನೀವೇ ಪ್ರೆಸ್ಸಿಂಗ್ ಅಂತ ಹೇಳಿದ್ರಂತೆ?"

ತಪ್ಪುರಾಯರು ಮೆಟ್ಟಿಲು ಇಳಿದರೋ ಬಿದ್ದರೋ ಅವರಿಗೇ ಗೊತ್ತಿಲ್ಲ. ಕೆಳಗೆ ಇಸ್ತ್ರಿಯಣ್ಣ ಮೇಜಿನ ಮುಂದೆ ತಲೆತಗ್ಗಿಸಿ ನಿಂತಿದ್ದ. ಬಡವನ ಮೊದಲನೇ ಪ್ರೆಸ್ಸಿಂಗು ಮಳೆಯಲ್ಲಿ ನೆಂದ ಟೋಪಿಯ ಹಾಗೆ ಸುತ್ತಲೂ ಜೋತುಬಿದ್ದಿತ್ತು.

"ನೀರು ಚಿಮುಕಿಸೇ ಇಟ್ಟೆ ಸಾರ್. ರೇಷ್ಮೆಗಿಡೋ ಕಾವು. ಒಂದೇ ಒಂದ್ಸಲ ಎಳೆದಿದ್ದು." ಅವನ ಕಣ್ಣಲ್ಲಿ ನೀರಿತ್ತು. ಬೈಯಲು ಬಾಯಿ ತೆರೆದ ತಪ್ಪುರಾಯರು ಹಾಗೇ ಮುಚ್ಚಿದರು. ಗಡಿಯಾರ ನೋಡಿದರು, ಮೂರು. ಚಪ್ಪಲಿಯಿಂದ ಚಪ್ಪಾಳೆ ತಟ್ಟಿಸಿಕೊಂಡು ಓಡಿದರು. ಬೆನ್ನಿಗೆ ಇಸ್ತ್ರಿಯಣ್ಣನೂ ಓಡಿದ.

ಸೂಜಿಯಜ್ಜ ಟೋಪಿಯಾದ ರೆಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಐವತ್ತು ವರ್ಷದಲ್ಲಿ ಹೀಗೆ ಯಾರೂ ಮಾಡಿಲ್ಲ" ಎಂದ ಕೊನೆಗೆ. ಆಮೇಲೆ ಬಾಗಿಲ ಬಳಿಯ ಪೆಟ್ಟಿಗೆ ತೋರಿಸಿದ. "ಇದಿದೆಯಲ್ಲ. ಅದೇ ಹಾಡು. ಒಂದು ಕಡೆ ಹಾರುತ್ತೆ ಅಷ್ಟೇ. ತಗೊಂಡ್ಹೋಗಿ."

"ಅಕ್ಕನಿಗೆ ತಪ್ಪಿರೋದನ್ನ ಕೊಡ್ಲಾ ಅಜ್ಜಾ?" ಎಂದರು ತಪ್ಪುರಾಯರು. "ಒಂದು ತಪ್ಪು ಮಾಡಿದ್ದಕ್ಕೇ ನಲವತ್ತೊಂದು ವರ್ಷ ಆಯ್ತು. ಆ ಮೊದಲನೇ ಪ್ರೆಸ್ಸಿಂಗ್ ಒಂದು ಸಾಯಂಕಾಲದ ಮಟ್ಟಿಗೆ ಕೊಡಿ. ನಾಳೆ ಬೆಳಿಗ್ಗೆ ತಂದಿಡ್ತೀನಿ."

ಅಜ್ಜ ಅವರ ಮುಖ ನೋಡಿದ. "ಅಡ ಏನಿಡ್ತೀರಿ?"

ಪ್ರೂಫು ತಿದ್ದುವವನ ಬಳಿ ಬೆಲೆಬಾಳುವುದು ಇನ್ನೇನಿರುತ್ತದೆ? ತಪ್ಪುರಾಯರು ಕನ್ನಡಕ ತೆಗೆದಿಟ್ಟರು.

"ಇದು ಯಾರಿಗೂ ಬೇಡ ಅಂದ್ರೆ ನನಗಿರಲಿ" ಎಂದು ಇಸ್ತ್ರಿಯಣ್ಣ ಪೆಟ್ಟಿಗೆಯಲ್ಲಿದ್ದ ರೆಕಾರ್ಡನ್ನು ಕಂಕುಳಲ್ಲಿ ಇರುಕಿಕೊಂಡ. ಯಾಕೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಅಕ್ಕ ನಾಲ್ಕಕ್ಕೆ ಸರಿಯಾಗಿ ಬಂದಳು. ಬರುತ್ತಲೇ ಚೀಲದಿಂದ ಏನನ್ನೋ ತೆಗೆದಳು. ಬಣ್ಣ ಮಾಸಿದ, ಮೂಲೆ ಸವೆದ, ಖಾಲಿ ಅಟ್ಟೆ. "ಇದು ಸಿಕ್ಕಿದ್ದಕ್ಕೇ ನೆನಪಾಗಿದ್ದು. ಬಿಸಾಕೋಕೆ ಮನಸ್ಸು ಬರಲಿಲ್ಲ" ಎಂದಳು.

ತಪ್ಪುರಾಯರು ಮೂಲೆಯಲ್ಲಿದ್ದ ಹಳೆಯ ಪ್ಲೇಯರಿಗೆ ರೆಕಾರ್ಡು ಹಾಕಿದರು. ಮೊದಲ ದನಿಗೇ ಅಕ್ಕ ಅಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಡ್ರಮ್ಮಿನ ಮೇಲೆ ಬ್ರಶ್ಶು ಸವರಿದರೆ ಪಕ್ಕದ ಕೋಣೆಯಲ್ಲಿ ಯಾರೋ ಕಸ ಗುಡಿಸಿದಂತಿತ್ತು. ಎರಡನೇ ಹಾಡು ಬಂತು. ನಡುವೆ ಒಂದು ಕಡೆ ಅಕ್ಕನ ಬಲಗೈ ಗಾಳಿಯಲ್ಲಿ ಸಣ್ಣಗೆ ಜಗ್ಗಿತು. ಹಾಡು ಮಾತ್ರ ನೆಟ್ಟಗೆ ಮುಂದೆ ಹೋಯಿತು. ಅವಳು ಕಣ್ಣು ತೆರೆದಳು.

"ಚೆನ್ನಾಗಿದೆ ಪುಟ್ಟಾ. ತುಂಬಾ ಚೆನ್ನಾಗಿದೆ."

ಬೇರೆಯವರ ಪುಸ್ತಕ ತೋರಿಸಿ ಹೇಗಿದೆ ಎಂದರೆ ಲೇಖಕರು ಹೀಗೇ ಹೇಳುತ್ತಾರೆ. "ಏನು ತಪ್ಪಿದೆ ಹೇಳಕ್ಕಾ" ಎಂದರು ತಪ್ಪುರಾಯರು.

"ತಪ್ಪೇ ಇಲ್ಲವಲ್ಲೋ!" ಅಕ್ಕ ನಕ್ಕಳು, ಆದರೆ ಕಣ್ಣು ತುಂಬಿತ್ತು. "ನಮ್ಮದು ಇಲ್ಲಿ ಹಾರ್ತಿತ್ತು. ಅದು ಹಾರಿದಾಗ ನನ್ನ ಕೈನೂ ಹಾರಿ, ಬಾಚಣಿಗೆ ಜಗ್ಗಿ, ನೀನು ಅಯ್ಯೋ ಅಂತಿದ್ದೆ. ದಿನಾ. ಆ ಅಯ್ಯೋ ಇಲ್ದೆ ಈ ಹಾಡು ನಂಗೆ ಗೊತ್ತೇ ಇಲ್ಲ. ಯಾವ ಕಡೆ ಹಾಕ್ಬೇಕು ಅಂತ ನಿಂಗೆ ಗೊತ್ತಾಗ್ಲಿ ಅಂತ ಕೆಂಪು ಉಗುರುಬಣ್ಣದ ಚುಕ್ಕೆ ಬೇರೆ ಇಟ್ಟಿದ್ದೆ. ನೆನಪಿದೆಯಾ?"

ತಪ್ಪುರಾಯರ ಕೈ ಮತ್ತೆ ನೆತ್ತಿಗೆ ಹೋಯಿತು. ಈ ಸಲ ಯಾಕೆಂದು ಗೊತ್ತಿತ್ತು. ಅಟ್ಟೆ ಇಲ್ಲ, ಗೀರು, ಗೀಚು, ಹಾರುತ್ತೆ, ಕೆಂಪು ಕಲೆ. ತಾವು ಬೆರಳು ಮಡಚಿ ಎಣಿಸಿದ ಐದೂ ತಪ್ಪು ಅಕ್ಕನ ರೆಕಾರ್ಡಿನ ವಿಳಾಸವಾಗಿತ್ತು.

"ಅಕ್ಕಾ, ಎರಡು ನಿಮಿಷ! ಇಲ್ಲೇ ಕೆಳಗಿದೆ, ನಿನ್ನದೇ, ಈಗ ತರ್ತೀನಿ" ಎಂದು ಬಾಗಿಲಿಗೆ ಓಡಿ ತೆರೆದರೆ, ಹೊಸ್ತಿಲಲ್ಲಿ ಇಸ್ತ್ರಿಯಣ್ಣ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು, ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ.

"ಸಾರ್, ಮೊದಲನೇದ್ರಲ್ಲಿ ಎಲ್ಲಿ ತಪ್ಪಿದೆ ಅಂತ ಗೊತ್ತಾಯ್ತು. ಅಡಿಯಲ್ಲಿ ಹಲಗೆ ಇಡ್ಬೇಕಿತ್ತು, ಮೇಲೆ ದಪ್ಪ ಬಟ್ಟೆ ಹಾಕ್ಬೇಕಿತ್ತು. ಈ ಹಳೇದ್ರ ಮೇಲೆ ಇಸ್ತ್ರಿ ಹಾಕಿ ಕಲಿತೆ. ನೋಡಿ ಹೇಗೆ ಬಂದಿದೆ! ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ, ಒಂದು ಗೆರೆ ಇಲ್ಲ!"

ನಿಜ. ಒಂದು ಗೆರೆಯೂ ಇರಲಿಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಪ್ಪು ತಟ್ಟೆಯ ನಡುವೆ, ಕನ್ನಡಕವಿಲ್ಲದ ಕಣ್ಣಿಗೂ ಕಾಣುವಷ್ಟು ಕೆಂಪಗೆ, ಒಂದು ಚುಕ್ಕೆ ಇತ್ತು.

ಅಕ್ಕ ಎದ್ದು ಬಂದು ಅದನ್ನು ತೆಗೆದುಕೊಂಡಳು. ಇನ್ನೂ ಬೆಚ್ಚಗಿತ್ತು. ಹೆಬ್ಬೆರಳಿನಿಂದ ಚುಕ್ಕೆಯನ್ನು ಸವರಿದಳು. ಇಸ್ತ್ರಿಯಣ್ಣನನ್ನು ನೋಡಿದಳು, ತಮ್ಮನನ್ನು ನೋಡಿದಳು. ಆಮೇಲೆ ಅದನ್ನು ಹಳೆಯ ಅಟ್ಟೆಯೊಳಗೆ ಮೆಲ್ಲಗೆ ಜಾರಿಸಿದಳು. ಸರಿಯಾಗಿ ಕೂತಿತು.

"ಹೋಗಲಿ ಬಿಡು" ಎಂದಳು.

ನಲವತ್ತೊಂದು ವರ್ಷ ಒಂದು "ಹೋಗಲಿ ಬಿಡು" ಹೊತ್ತವರಿಗೆ ಅದನ್ನು ಇಳಿಸಹೋಗಿ ಎರಡಾದವು. ಟೀ ಕುಡಿದರು. ಇಸ್ತ್ರಿಯಣ್ಣನಿಗೂ ಕೊಟ್ಟರು. ಅವನು ಸಂಕೋಚದಿಂದ ಎರಡು ಬಿಸ್ಕೆಟ್ಟು ತಿಂದ.

ಹೊರಡುವಾಗ ಅಕ್ಕನನ್ನು ಬಸ್ಸಿಗೆ ಬಿಡಲು ತಪ್ಪುರಾಯರೂ ಹೋದರು. ಚೀಲದೊಳಗೆ ಅಟ್ಟೆ, ಅಟ್ಟೆಯೊಳಗೆ ಗೆರೆಯಿಲ್ಲದ ರೆಕಾರ್ಡು. ದಾರಿಯುದ್ದಕ್ಕೂ ಅಕ್ಕ ಆ ಎರಡನೇ ಹಾಡನ್ನು ಗುನುಗುತ್ತಿದ್ದಳು. ನಡುವೆ ಅವಳ ದನಿ ಟಕ್ಕನೆ ಹಾರಿತು. ಹಾರಿದ ಕಡೆ ತಪ್ಪುರಾಯರು, ಯಾರೂ ಕೂದಲು ಜಗ್ಗದಿದ್ದರೂ, "ಅಯ್ಯೋ" ಎಂದರು. ಇಬ್ಬರೂ ನಕ್ಕರು. ಬಸ್ಸು ಬಂತು.

ಮೆಟ್ಟಿಲು ಹತ್ತಿದ ಅಕ್ಕ ತಿರುಗಿ ಅವರ ಕಾಲು ನೋಡಿದಳು. "ಪುಟ್ಟಾ, ನಿನ್ನ ಚಪ್ಪಲೀದು ಸೋಲ್ ಪೂರ್ತಿ ಕಿತ್ಹೋಗಿದೆಯಲ್ಲೋ!"

"ಹೋಗಲಿ ಬಿಡಕ್ಕಾ" ಎಂದರು ತಪ್ಪುರಾಯರು.